ಮಾತಿನ ಪುಸ್ತಕದ ಸಾಕ್ಷಿ

ಜೂನ್ ೯, ಸೋಮವಾರ

ಇದು ಹನ್ನೆರಡನೇ ಪುಸ್ತಕ. ಹಿಂದಿನ ಹನ್ನೊಂದರಲ್ಲಿ ನನ್ನ ಬಗ್ಗೆ ಒಂದು ಸಾಲೂ ಇಲ್ಲ, ಎಲ್ಲಾ ಮಗಳ ಮಾತು. ಅವಳಿಗೆ ನಾಲ್ಕು ವರ್ಷ ಇದ್ದಾಗ ಮಾತು ಕಲಿಸೋ ಟೀಚರ್ ಹೇಳಿದ್ರು, ಮಗು ಬಾಯಿಂದ ಯಾವತ್ತು ಯಾವ ಹೊಸ ಪದ ಬಂತು ಅಂತ ತಾರೀಖು ಹಾಕಿ ಬರೀತಾ ಹೋಗಿ ಅಂತ. ಅವತ್ತಿಂದ ಬರೀತಿದೀನಿ. ಹತ್ತು ವರ್ಷ. 'ಅಮ್ಮ' ಅನ್ನೋಕೆ ಏಳು ತಿಂಗಳು ಹಿಡೀತು. 'ಬಾಗಿಲು' ಅನ್ನೋಕೆ ಒಂದು ವರ್ಷ. ಇವತ್ತು ಮಾತ್ರ ನನಗೋಸ್ಕರ ಬರೀತಿದೀನಿ. ಬೇರೆ ಯಾರ ಹತ್ರ ಹೇಳ್ಕೊಂಡ್ರೂ ಅಯ್ಯೋ ಪಾಪ ಅಂತಾರೆ, ಅದು ನನಗೆ ಆಗಿಬರಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಹೊಲಿಗೆ ಮಷಿನ್ ಮುಂದೆ ಕೂತವಳು ನಾನು. ಕಾಗುಣಿತ ಹೆಂಗಿದ್ರೂ ಇದನ್ನ ನೋಡೋರಿಲ್ಲ.

ಹೆಡ್‌ಮಿಸ್ ಕರೆಸಿದ್ರು. ಮಗಳು ಹತ್ತನೇ ಕ್ಲಾಸಿಗೆ ಬಂದಾಯ್ತು, ಮಾರ್ಚ್‌ನಲ್ಲಿ ಪಬ್ಲಿಕ್ ಪರೀಕ್ಷೆ. ನಮ್ಮ ಬಾಷೆ ಪರವಾಗಿಲ್ಲ, ಲೆಕ್ಕ ಎಲ್ಲರಿಗಿಂತ ಮುಂದೆ. ಎರಡನೇ ಬಾಷೆಯಲ್ಲಿ ಮಾತ್ರ ನೂರಕ್ಕೆ ಏಳು, ಮೂರನೇದರಲ್ಲಿ ನಾಲ್ಕು. ಕಿವಿ ಕೇಳದವಳು ಒಂದು ಬಾಷೆ ಕಣ್ಣಲ್ಲೇ ಕಲಿತಿರೋದೇ ದೊಡ್ಡದು, ಇನ್ನೆರಡು ಎಲ್ಲಿಂದ ತರಬೇಕು? ಅಂಥ ಮಕ್ಕಳಿಗೆ ಆ ಎರಡು ಬಾಷೆಯಿಂದ ವಿನಾಯಿತಿ ಕೊಡ್ತಾರಂತೆ, ಅರ್ಜಿ ಹಾಕ್ಬೇಕು. ಸಿಕ್ಕಿದ್ರೆ ಪಾಸಾಗ್ತಾಳೆ. ಪಾಸಾದ್ರೆ ಕಟ್ಟಡದ ನಕ್ಷೆ ಬರೆಯೋ ಕೋರ್ಸಿಗೆ ಸೇರಬಹುದು, ಕಿವಿ ಕೇಳದವರಿಗೆ ಅಂತ ಅಲ್ಲಿ ಆರು ಸೀಟಿದೆ. ಸಿಗದಿದ್ರೆ ಫೇಲು, ಅಲ್ಲಿಗೆ ಮುಗೀತು. ಹೆಡ್‌ಮಿಸ್ ಕಡ್ಡಿ ಮುರಿದಂಗೆ ಹೇಳಿದ್ರು.

ನಕ್ಷೆ ಅಂದ್ರೆ ಅವಳಿಗೆ ಪ್ರಾಣ. ನನ್ನ ಅಳತೆ ಟೇಪು ಕದ್ಕೊಂಡು ಹೋಗಿ ಮನೆ ಪೂರ್ತಿ ಅಳೆದು, ಯಾವ ಬಾಗಿಲು ಯಾವ ಕಡೆ ತೆರೆಯತ್ತೆ ಅನ್ನೋದೂ ಸೇರಿಸಿ ಬರೆದು ಗೋಡೆಗೆ ಅಂಟಿಸಿದಾಳೆ. ನಮ್ಮ ಬಚ್ಚಲುಮನೆ ಅಷ್ಟು ಚಿಕ್ಕದು ಅಂತ ಅದನ್ನ ನೋಡಿದ ಮೇಲೇ ನನಗೆ ಗೊತ್ತಾಗಿದ್ದು.

ಹೊರಗೆ ಬಂದಾಗ ವರಾಂಡದಲ್ಲಿ ಅವಳ ಥರದ ಐದು ಮಕ್ಕಳು ಕೈಯಲ್ಲಿ ಮಾತಾಡ್ತಾ ನಿಂತಿದ್ರು. ನನ್ನನ್ನ ನೋಡಿದ್ದೇ ತಡ, ಮಗಳು ಕೈ ಹಿಂದಕ್ಕೆ ಕಟ್ಕೊಂಡ್ಳು. ನಮ್ಮನೇಲಿ ಒಂದು ಕಾನೂನಿದೆ: ಕೈ ಕೆಳಗೆ. ಕೈ ಮಾತಾಡಿದ್ರೆ ಬಾಯಿ ಸೋಮಾರಿ ಆಗತ್ತೆ ಅಂತ ಮಾತಿನ ಟೀಚರ್ ಹೇಳಿದ್ದು. ಹತ್ತು ವರ್ಷದಲ್ಲಿ ಒಂದು ದಿನ ನಾನದನ್ನ ಸಡಿಲ ಬಿಟ್ಟಿಲ್ಲ.

ಜೂನ್ ೧೧, ಬುಧವಾರ

ಫಾರಂ ಬಂತು. ಕಿವಿ ಪರೀಕ್ಷೆ ರಿಪೋರ್ಟು ಬೇಕು, ಶಾಲೆಯ ಪತ್ರ ಬೇಕು, ಆಮೇಲೆ ಅಧಿಕಾರಿ ಮುಂದೆ ಮಗಳನ್ನ ಕರ್ಕೊಂಡು ಹೋಗಿ ವಿಚಾರಣೆ.

ಇವರು ಲಿಫ್ಟ್ ರಿಪೇರಿ ಮುಗಿಸಿ ಗ್ರೀಸ್ ಕೈಯಲ್ಲೇ ಬಂದು ಫಾರಂ ಎತ್ಕೊಳ್ಳೋಕೆ ಹೋದ್ರು. ತೊಳ್ಕೊಂಡು ಬನ್ನಿ ಅಂತ ಗದರಿದೆ. ತೊಳ್ಕೊಂಡು ಬಂದು ಓದಿ, "ಬರಲ್ಲ ಅಂತ ನಾವೇ ಬರ್ಕೊಡೋದೇನೇ?" ಅಂದ್ರು.

ನನಗೆ ಮೈ ಉರಿದುಹೋಯ್ತು. ಅವಳ ಪುಟ್ಟ ಕೈಯನ್ನ ನನ್ನ ಗಂಟಲ ಮೇಲೆ ಇಟ್ಕೊಂಡು, ನಡುಗೋದು ತಿಳೀಲಿ ಅಂತ 'ಗ' 'ಗ' ಅಂತ ದಿನಾ ಎರಡು ಗಂಟೆ ಕೂತಿದ್ದು ನಾನು. ಇವರಿಗೆ ಅವಳ ಮಾತು ಈಗಲೂ ಅರ್ಧಂಬರ್ಧ ತಿಳಿಯೋದು, ಏನಂದ್ಲು ಅಂತ ನನ್ನ ಮುಖ ನೋಡ್ತಾರೆ. ಬರಲ್ಲ ಅಂತ ಬರೆಯೋದಲ್ಲ ಕಣ್ರೀ, ಎರಡು ಬಾಷೆ ಕಡಿಮೆ ಮಾಡಿ ಅಂತ ಕೇಳೋದು ಅಂದೆ. ಇವರು ಫಾರಂ ಮೇಜಿನ ಮೇಲಿಟ್ಟು ಊಟಕ್ಕೆ ಕೂತ್ರು. ಸುಮ್ಮನಾಗೋದ್ರಲ್ಲಿ ಇವರದ್ದು ಎತ್ತಿದ ಕೈ.

ಜೂನ್ ೨೦, ಶುಕ್ರವಾರ

ಕಿವಿ ಪರೀಕ್ಷೆ. ಗಾಜಿನ ಕೋಣೆಯೊಳಗೆ ಅವಳು, ಹೊರಗೆ ಬೆಂಚಿನ ಮೇಲೆ ನಾನು. ತಲೆಗೆ ದೊಡ್ಡ ಹೆಡ್‌ಫೋನ್ ಹಾಕಿ ಕೈಗೆ ಒಂದು ಗುಂಡಿ ಕೊಟ್ಟಿದ್ರು, ಸದ್ದು ಕೇಳಿದ್ರೆ ಒತ್ತಬೇಕು. ಒತ್ತಲೇ ಇಲ್ಲ. ಆಕಳಿಸ್ತಾ ಕೂತಿದ್ಳು. ಮಧ್ಯದಲ್ಲಿ ಗಾಜಿನಾಚೆಯಿಂದ ಹೊಟ್ಟೆ ಮುಟ್ಟಿ ತೋರಿಸಿದ್ಳು. ಇನ್ನೈದು ನಿಮಿಷ ಅಂತ ಬೆರಳು ತೋರಿಸಿದೆ. ಗಾಜು ಮಧ್ಯ ಇದ್ರೆ ಬೇರೆ ಏನು ಮಾಡೋಕಾಗತ್ತೆ.

ಎರಡೂ ಕಿವಿ ಪೂರ್ತಿ ಹೋಗಿದೆ ಅಂತ ಬರ್ಕೊಟ್ರು. ಒಳ್ಳೇದಾಯ್ತು ಸಾರ್ ಅಂದುಬಿಟ್ಟೆ. ಪರೀಕ್ಷೆ ಮಾಡಿದವರು ನನ್ನನ್ನ ವಿಚಿತ್ರವಾಗಿ ನೋಡಿದ್ರು. ಇಂಥ ರಿಪೋರ್ಟಿಗೆ ಖುಷಿಪಟ್ಟ ತಾಯಿ ನಾನೊಬ್ಬಳೇ ಇರ್ಬೇಕು.

ಜುಲೈ ೪, ಶುಕ್ರವಾರ

ವಿಚಾರಣೆ ಆಯ್ತು. ಚೆನ್ನಾಗೇ ಆಯ್ತು ಅನ್ಸತ್ತೆ.

ಹನ್ನೊಂದು ಪುಸ್ತಕಾನೂ ಚೀಲಕ್ಕೆ ತುಂಬ್ಕೊಂಡು ಹೋಗಿದ್ದೆ. ಒಂದೊಂದು ಪದಕ್ಕೆ ಎಷ್ಟೆಷ್ಟು ತಿಂಗಳು ಹಿಡಿದಿದೆ ಅಂತ ನೋಡಿದ್ರೆ ಕಷ್ಟ ಏನು ಅಂತ ಅವರಿಗೇ ತಿಳಿಯತ್ತೆ, ಬಾಯಿಬಿಟ್ಟು ಗೋಗರೆಯೋದು ಬೇಡ ಅಂತ ನನ್ನ ಲೆಕ್ಕಾಚಾರ. ಅಧಿಕಾರಿ ದೊಡ್ಡ ಮೀಸೆ ಸಾಹೇಬರು, ಮರ್ಯಾದಸ್ತರು, ಕೂತ್ಕೊಳ್ಳಿ ಅಂದ್ರು. ಪುಸ್ತಕ ಒಂದೊಂದೇ ತಿರುವಿ ಹಾಕಿದ್ರು. ಎಲ್ಲಾ ನೀವೇ ಬರೆದಿದ್ದಾ ಅಂತ ಕೇಳಿದ್ರು. ಹೌದು ಸಾರ್ ಅಂದೆ. ಒಂದು ಪದಾನೂ ಬಿಟ್ಟಿಲ್ವಲ್ಲಮ್ಮ ಅಂದ್ರು. ನನಗೆ ಕಣ್ಣು ತುಂಬ್ಕೊಂಡು ಬಂತು. ಇಷ್ಟು ವರ್ಷದಲ್ಲಿ ಆ ಪುಸ್ತಕಗಳನ್ನ ಕೈಯಲ್ಲಿ ಹಿಡಿದು ನೋಡಿದ ಹೊರಗಿನವರು ಅವರೊಬ್ಬರೇ.

ಆಮೇಲೆ ಮಗಳನ್ನ ಕೇಳೋಕೆ ಶುರು ಮಾಡಿದ್ರು. ಅವರ ಮೀಸೆ ತುಟಿ ಮುಚ್ಚಿದ್ರಿಂದ ಅವಳಿಗೆ ಒಂದೂ ತಿಳೀಲಿಲ್ಲ, ತಬ್ಬಿಬ್ಬಾಗಿ ನನ್ನ ಕಡೆ ತಿರುಗಿದ್ಳು. ನಾನು ಅವಳ ಮುಂದೆ ಹೋಗಿ ಪ್ರಶ್ನೇನ ನಿಧಾನವಾಗಿ ಹೇಳ್ಕೊಟ್ಟೆ. ಹೆಸರು ಹೇಳಿದ್ಳು. ಅಪ್ಪ ಏನು ಕೆಲಸ ಅಂದ್ರೆ ಲಿಫ್ಟು ಅಂದ್ಳು. ಅಮ್ಮ ಅಂದ್ರೆ "ಬಟ್ಟೆ ಹೊಲೀತಾರೆ" ಅಂತ ಪೂರ್ತಿ ವಾಕ್ಯ ಹೇಳಿದ್ಳು, 'ಟ್ಟೆ' ಕೂಡ ಸರಿಯಾಗಿ ಬಂತು. ನನಗೆ ಜಂಬ ತಡೆಯೋಕಾಗಲಿಲ್ಲ. ಇನ್ನೂ ಕೇಳಿ ಸಾರ್, ಹೇಳ್ತಾಳೆ ಅಂದೆ.

ಜುಲೈ ೧೫, ಮಂಗಳವಾರ

ಅರ್ಜಿ ತಿರಸ್ಕಾರ. ಕಾಗದದಲ್ಲಿ ಇದ್ದಿದ್ದನ್ನ ಇದ್ದ ಹಾಗೇ ಇಲ್ಲಿ ಇಳಿಸ್ತೀನಿ, ಮರೀಬಾರದು:

"ವಿದ್ಯಾರ್ಥಿನಿಯು ವಿಚಾರಣೆಯಲ್ಲಿ ಬಾಯಿಮಾತಿನಲ್ಲೇ ಉತ್ತರಿಸಿರುತ್ತಾಳೆ. ತಾಯಿಯೇ ಹಾಜರುಪಡಿಸಿದ ಹನ್ನೊಂದು ಪುಸ್ತಕಗಳಿಂದ ಎರಡು ಸಾವಿರಕ್ಕೂ ಹೆಚ್ಚು ಪದಗಳನ್ನು ಕಲಿತಿರುವುದು ಕಂಡುಬಂದಿದೆ. ಬಾಷೆ ಕಲಿಯಲು ಅಸಮರ್ಥಳೆಂದು ಪರಿಗಣಿಸಲು ಕಾರಣಗಳಿಲ್ಲ."

ತಾಯಿಯೇ ಹಾಜರುಪಡಿಸಿದ. ಹೌದು, ನಾನೇ. ಚೀಲದಲ್ಲಿ ಹೊತ್ಕೊಂಡು ಹೋಗಿ, ಇಗೋ ಸಾರ್ ಅಂತ ಕೈಯಾರೆ ಕೊಟ್ಟು ಬಂದೆ. ಇನ್ನೂ ಕೇಳಿ ಸಾರ್ ಅಂತ ಬೇರೆ ಹೇಳಿದೆ. ನನ್ನಂಥ ಪೆದ್ದಿ ಹುಡುಕಿದ್ರೂ ಸಿಗಲ್ಲ. ಅವರು ಆ ಪುಸ್ತಕಗಳಲ್ಲಿ ಪದ ಎಣಿಸಿದ್ರು. ಎರಡು ಪದದ ಮಧ್ಯ ಎಷ್ಟು ತಿಂಗಳು ಖಾಲಿ ಇದೆ ಅಂತ ನೋಡಲೇ ಇಲ್ಲ.

ಮಗಳು ಕಾಗದ ಕೇಳಿದ್ಳು. ಕೊಡಲಿಲ್ಲ.

ಜುಲೈ ೧೬, ಬುಧವಾರ

ಹೊಲಿಗೆ ಅಂಗಡಿಗೆ ಹೋದೆ. ಬಂದೆ.

ಜುಲೈ ೨೨, ಮಂಗಳವಾರ

ಒಂದು ಪ್ಯಾಂಟನ್ನ ಎರಡು ಇಂಚು ಜಾಸ್ತಿ ಕತ್ತರಿಸಿಬಿಟ್ಟೆ. ಇಪ್ಪತ್ತು ವರ್ಷದಲ್ಲಿ ಹೀಗಾಗಿರಲಿಲ್ಲ. ಪಕ್ಕದ ಮಷಿನ್‌ನಲ್ಲಿ ಗುಂಡಿಗೆ ಕಾಜಾ ಹಾಕೋ ಅಕ್ಕ, ನಾವೆಲ್ಲ ಕಾಜಾ ಅಕ್ಕ ಅಂತಲೇ ಕರೆಯೋದು, ಓನರ್ ಬರೋದ್ರೊಳಗೆ ಅದನ್ನ ತನ್ನ ಮೇಜಿನಡಿ ತಳ್ಳಿದ್ರು. ಆ ಗಿರಾಕಿ ಕುಳ್ಳ ಕಣೇ, ಅವನಿಗೆ ಸರಿಹೋಗತ್ತೆ ಬಿಡು ಅಂದ್ರು. ಬೇರೆ ದಿನ ಆಗಿದ್ರೆ ನಗು ಬರ್ತಿತ್ತು.

ಹೆಡ್‌ಮಿಸ್ ಫೋನ್ ಮಾಡಿದ್ರು. ಮೇಲಿನ ಅಧಿಕಾರಿಗೆ ಇನ್ನೊಂದು ಅರ್ಜಿ ಹಾಕಬಹುದು, ಆಗಸ್ಟ್ ಎಂಟು ಕೊನೇ ದಿನ, ಮಗಳನ್ನೂ ಕರ್ಕೊಂಡು ಹೋದ್ರೆ ಅವತ್ತೇ ನೋಡಿ ತೀರ್ಮಾನ ಹೇಳ್ತಾರಂತೆ. ಈ ಸಲ ಪುಸ್ತಕ ಗಿಸ್ತಕ ತಗೊಂಡು ಹೋಗ್ಬೇಡಿ. ಮಗಳಿಗೆ ಬಾಷೆ ಬರಲ್ಲ ಅಂತ ನಿಮ್ಮ ಕೈಯಲ್ಲೇ ಬರೆದು ಸಹಿ ಹಾಕಿ, ಅವರಿಗೆ ಬೇಕಾಗಿರೋದು ಅದೊಂದೇ ಮಾತು. ಮತ್ತೆ ಅಲ್ಲಿ ಅವಳು ಬಾಯಿ ಬಿಡಕೂಡದು.

ಸಂಜೆ ಅವಳನ್ನ ಎದುರಿಗೆ ಕೂರಿಸ್ಕೊಂಡು, ಅಲ್ಲಿ ಮಾತು ಬೇಡ ಅಂದೆ. ಅವಳು ನನ್ನ ತುಟಿ ನೋಡಿ, ಮಾತು ಬೇಕಾ ಅಂತ ತಿಳ್ಕೊಂಡ್ಳು. ಪಾಪ, ಹೋದ ಸಲ ಸರಿಯಾಗಿ ಹೇಳಲಿಲ್ಲ ಅಂತ ಅರ್ಜಿ ಬಿದ್ದುಹೋಗಿದೆ ಅಂದ್ಕೊಂಡಿದಾಳೆ. ತನಗೆ ಗೊತ್ತಿರೋದನ್ನೆಲ್ಲ ಒಂದೇ ಸಮನೆ ಒಪ್ಪಿಸೋಕೆ ಶುರು ಮಾಡಿದ್ಳು. ವಾರಗಳ ಹೆಸರು, ತರಕಾರಿ ಹೆಸರು, ನಮ್ಮ ಬೀದಿ ಹೆಸರು. ಬೇಡ ಬೇಡ ಅಂದಷ್ಟೂ ಗಟ್ಟಿಯಾಗಿ ಹೇಳಿದ್ಳು. ಕೊನೆಗೆ ಅವಳ ಬಾಯಿ ಮೇಲೆ ಕೈ ಒತ್ತಿಬಿಟ್ಟೆ.

ಆಗ ಅರ್ಥ ಆಯ್ತು ಅವಳಿಗೆ. ನನ್ನ ಕೈಯನ್ನ ಮೆಲ್ಲಗೆ ತೆಗೆದು ಪಕ್ಕಕ್ಕಿಟ್ಟು ಎದ್ದು ಹೋದ್ಳು. ಮಾತಾಡು ಮಾತಾಡು ಅಂತ ಹತ್ತು ವರ್ಷ ಜೀವ ತಿಂದವಳು ನಾನು. ಯಾವ ಮುಖ ಹೊತ್ಕೊಂಡು ಅವಳ ಹಿಂದೆ ಹೋಗಲಿ?

ಜುಲೈ ೨೬, ಶನಿವಾರ

ನಾಲ್ಕು ದಿನ ಆಯ್ತು, ಬಾಯಿಂದ ಒಂದು ಪದ ಬಂದಿಲ್ಲ. ಆಫೀಸಲ್ಲಿ ಮಾತ್ರ ಕಣೇ, ಮನೇಲಿ ಮಾತಾಡು ಅಂತ ಬರೆದು ತೋರಿಸಿದೆ. ಓದಿ ಚೀಟಿ ವಾಪಸ್ ಕೊಟ್ಳು. 'ಅಮ್ಮ' ಕೂಡ ಇಲ್ಲ. ಬೇಕಾದಾಗ ಬಂದು ಹೆಗಲು ತಟ್ತಾಳೆ.

ಅವಳ ಗೆಳತಿ ಬಂದಿದ್ಳು, ಅದೇ ಶಾಲೆಯ ಐವರಲ್ಲಿ ಒಬ್ಬಳು, ಉದ್ದ ಜಡೆಯವಳು. ಇಬ್ಬರೂ ಅಡುಗೆಮನೆ ಕಟ್ಟೆ ಮೇಲೆ ಹತ್ತಿ ಕೂತು ಕೈಯಲ್ಲಿ ಹರಟೆ ಹೊಡೀತಿದ್ರು. ಬಯ್ಯೋಕೆ ಅಂತಲೇ ಒಳಗೆ ಹೋದವಳು ಬಯ್ಯಲಿಲ್ಲ, ಸುಸ್ತಾಗಿತ್ತು. ಜಡೆಯವಳು ಮಾತು ಮಾತಿಗೂ ಗಲ್ಲದ ಮೇಲೆ ಬೆರಳಿಟ್ಟು ಮಗಳ ಕಡೆ ತೋರಿಸ್ತಿದ್ಳು. ಏನದು ಅಂತ ಕೇಳಿದೆ. ಬರೆದು ತೋರಿಸಿದ್ಳು: "ಇವಳ ಹೆಸರು." ಗಲ್ಲದ ಮೇಲೆ ಮಚ್ಚೆ ಇದೆಯಲ್ಲ, ಅದಕ್ಕೆ. ಆರು ವರ್ಷದಿಂದ ಅವಳಿಗೆ ಇನ್ನೊಂದು ಹೆಸರಿದೆ. ಹೆತ್ತವಳಿಗೆ ಗೊತ್ತಿಲ್ಲ.

ಹಾಗಾದ್ರೆ ನನಗೇನು ಹೆಸರು ಅಂದೆ. ಇಬ್ಬರೂ ಮುಖ ಮುಖ ನೋಡ್ಕೊಂಡು ಕಿಸಕ್ಕನೆ ನಕ್ಕು, ಐದು ಬೆರಳನ್ನ ಬಾಯಿ ಥರ ದೊಡ್ಡದಾಗಿ ತೆರೆದು ಮುಚ್ಚಿ ತೆರೆದು ಮುಚ್ಚಿ ತೋರಿಸಿದ್ರು. ಕೋಪ ಬರಬೇಕಿತ್ತು. ಮಗಳು ನಕ್ಕು ಎಷ್ಟು ದಿನ ಆಗಿತ್ತೋ, ಇನ್ನೊಂದು ಸಲ ತೋರಿಸಿ ಅಂದೆ.

ಆಗಸ್ಟ್ ೨, ಶನಿವಾರ

ಪಾತ್ರೆ ತೊಳೀತಾ ಇದ್ದಾಗ ಬಂದು ಎರಡನೇ ಬಾಷೆ ಕ್ಲಾಸಿನ ವಿಷಯ ಕೈಯಲ್ಲೇ ಹೇಳಿದ್ಳು. ಜಡೆಯವಳು ಒಂದು ವಾರದಿಂದ ನನಗೂ ಒಂದಿಷ್ಟು ಕೈಮಾತು ಕಲಿಸ್ತಿದಾಳೆ, ತಿಳೀದಿದ್ದನ್ನ ಮಗಳು ಬರೆದು ತೋರಿಸಿದ್ಳು. ಅವಳನ್ನ ಹಿಂದಿನ ಬೆಂಚಿಗೆ ಹಾಕಿದಾರಂತೆ. ಮೇಷ್ಟ್ರು ಬೋರ್ಡ್ ಕಡೆ ಮುಖ ಮಾಡ್ಕೊಂಡೇ ಪಾಠ ಹೇಳ್ತಾರಂತೆ, ಅವಳಿಗೆ ಕಾಣೋದು ಅವರ ಬೆನ್ನು ಮಾತ್ರ. ಬೋರ್ಡ್ ಮೇಲಿನ ಅಕ್ಷರಾನ ಚಿತ್ರ ಇಳಿಸಿದಂಗೆ ಇಳಿಸ್ಕೊಳ್ಳೋದು, ಏನು ಅಂತ ಗೊತ್ತಿಲ್ಲ. ಅಕ್ಷರ ದುಂಡಗಿದೆ ಅಂತ ಒಂದು ಸಲ ಚಪ್ಪಾಳೆ ತಟ್ಟಿಸಿದ್ರಂತೆ. ಎಲ್ಲರೂ ತಟ್ಟಿದ್ರು, ಯಾಕೆ ಅಂತ ತಿಳೀದೆ ತಾನೂ ತಟ್ಟಿದೆ ಅಂದ್ಳು.

ನನ್ನ ಕೈ ತುಂಬಾ ಸೋಪಿತ್ತು, ಅದಕ್ಕೆ ಉತ್ತರ ಕೊಡೋದು ತಡವಾಯ್ತು. ಅಷ್ಟರಲ್ಲಿ ಅವಳು ಹೋಗಿಬಿಟ್ಟಿದ್ಳು.

ಇನ್ನು ಆರೇ ದಿನ. ಈ ಸಲವೂ ಇಲ್ಲ ಅಂದ್ರೆ ಇನ್ನೇಳು ತಿಂಗಳು ಆ ಬೆನ್ನು ನೋಡ್ತಾ ಕೂತು, ಕೊನೆಗೆ ಫೇಲಾಗಿ ಬಂದು ನನ್ನ ಪಕ್ಕ ಕಾಜಾ ಹಾಕ್ತಾ ಕೂರ್ತಾಳೆ. ಕಾಜಾ ಹಾಕೋದು ಕೆಟ್ಟ ಕೆಲಸ ಅಂತಲ್ಲ. ಆದ್ರೆ ಗೋಡೆ ಮೇಲೆ ಆ ನಕ್ಷೆ ಇದೆಯಲ್ಲ.

ಆಗಸ್ಟ್ ೭, ಗುರುವಾರ

ಬರೆದೆ. ಅವರು ಕೊಟ್ಟಿದ್ದು ಒಂದೇ ಫಾರಂ, ತಪ್ಪಿದ್ರೆ ಬೇರೆ ಇಲ್ಲ ಅಂತ ಉಸಿರು ಬಿಗಿ ಹಿಡಿದು ಬರೆದೆ. "ನನ್ನ ಮಗಳಿಗೆ ಬಾಷೆ ಬರುವುದಿಲ್ಲ. ಬಾಷೆ ಕಲಿಯುವ ಶಕ್ತಿ ಅವಳಿಗಿಲ್ಲ." ಕೆಳಗೆ ನನ್ನ ಸಹಿ. ಇವರೂ ಸಹಿ ಹಾಕ್ಬೇಕಿತ್ತು. ಹಾಕಿ, ಪೆನ್ನು ಕೆಳಗಿಟ್ಟು, ಬಾಲ್ಕನಿಗೆ ಹೋಗಿ ನಿಂತ್ರು. ಬಯ್ಯಲಿ ಅಂತ ಕಾದೆ. ಬಯ್ಯಲಿಲ್ಲ.

ಹಾಲು ಉಕ್ಕಿತು ಅಂತ ಒಳಗೆ ಓಡಿ ಬರೋಷ್ಟರಲ್ಲಿ ಮಗಳು ಮೇಜಿನ ಹತ್ರ ನಿಂತು ಅದನ್ನ ಓದ್ತಿದ್ಳು. ಒಂದು ಸಲ ಓದಿದ್ಳು, ಇನ್ನೊಂದು ಸಲ ಓದಿದ್ಳು. ಮುಖದಲ್ಲಿ ಏನೂ ಇಲ್ಲ. ಆಮೇಲೆ ನಕ್ಷೆ ಬರೆಯೋ ಕಪ್ಪು ಪೆನ್ನು ತೆಗೆದ್ಳು. ಹೊಡೆದು ಹಾಕ್ತಾಳೆ, ಹಾಕಲಿ, ನಾನು ತಡೆಯಲ್ಲ ಅಂದ್ಕೊಂಡು ನಿಂತೆ.

ಅವಳು ಹೊಡೆದು ಹಾಕಲಿಲ್ಲ. 'ಬಾಷೆ' ಅಂತ ಇದ್ದ ಎರಡು ಕಡೆಯೂ ಬ ಅಕ್ಷರದ ಕೆಳಗೆ ಒಂದೊಂದು ಚಿಕ್ಕ ಗೀಟು ಎಳೆದ್ಳು. ಭಾಷೆ. ಪೆನ್ನಿಗೆ ಮುಚ್ಚಳ ಹಾಕಿ ಕಾಗದ ಎಲ್ಲಿತ್ತೋ ಅಲ್ಲೇ ಇಟ್ಟು ತನ್ನ ಕೋಣೆಗೆ ಹೋದ್ಳು.

ಈ ಪುಸ್ತಕ ತಿರುವಿ ನೋಡಿದೆ. ಎಲ್ಲಾ ಕಡೆ ತಪ್ಪೇ ಬರೆದಿದೀನಿ. ನಾವು ಕೇಳಿಸ್ಕೊಂಡಂಗೆ ಬರೆಯೋರು, ನಮ್ಮ ಬಾಯಲ್ಲಿ ಬ, ಭ ಎರಡೂ ಒಂದೇ. ಅವಳು ಯಾವತ್ತೂ ಕೇಳಿಸ್ಕೊಂಡಿಲ್ಲ, ನೋಡಿದಾಳೆ. ಅವಳಿಗೆ ಅವು ಬೇರೆ ಬೇರೆ. ಭಾಷೆ ಬರಲ್ಲ ಅಂತ ಬರೆಯೋಕೆ ನನಗೆ ಭಾಷೆ ಬರಲಿಲ್ಲ, ಅವಳು ತಿದ್ದಿಕೊಟ್ಳು. ಕೂತು ಅತ್ತೆ. ಮಗಳಿಗೆ ಕೇಳತ್ತೆ ಅಂತ ಸದ್ದು ಅಡಗಿಸ್ಕೋಬೇಕಾಗಿಲ್ಲ ಈ ಮನೇಲಿ, ಆದರೂ ಅಡಗಿಸ್ಕೊಂಡೆ.

ಆಗಸ್ಟ್ ೮, ಶುಕ್ರವಾರ

ವಿನಾಯಿತಿ ಸಿಕ್ಕಿತು.

ಎರಡನೇ ಮಹಡಿ, ಕೊನೇ ಕೋಣೆ. ಈ ಸಲ ಮೇಡಂ ಒಬ್ಬರು. ಮೀಸೆ ಸಾಹೇಬರ ಥರ ಅಲ್ಲ, ಒಂದೊಂದು ಮಾತೂ ಬಿಡಿಸಿ ಬಿಡಿಸಿ ಆಡ್ತಾರೆ, ತುಟಿ ಸ್ಪಷ್ಟವಾಗಿ ಕಾಣತ್ತೆ. ಅವರ ಮಾತು ಮಗಳಿಗೆ ಪೂರ್ತಿ ತಿಳೀತಿದೆ ಅಂತ ಅವಳ ಕಣ್ಣು ನೋಡಿದ್ರೇ ನನಗೆ ಗೊತ್ತಾಗ್ತಿತ್ತು. ನಿನ್ನ ಹೆಸರೇನಮ್ಮ ಅಂತ ಕೇಳಿದ್ರು. ಅವಳು ಮೇಜಿನ ಅಂಚು ನೋಡ್ತಾ ಕೂತ್ಳು. ಎಷ್ಟನೇ ಕ್ಲಾಸು ಅಂದ್ರು. ಅದಕ್ಕೂ ಇಲ್ಲ. ನಾನು ಹೇಳಿಕೊಟ್ಟ ಹಾಗೇ ಮಾಡಿದ್ಳು. ಮೇಡಂ ಅಯ್ಯೋ ಪಾಪ ಅಂದ್ರು. ನಾನೂ ತಲೆ ತಗ್ಗಿಸಿ ಅದನ್ನ ಇಸ್ಕೊಂಡೆ.

ಆಮೇಲೆ ಫಾರಂ ಎತ್ತಿ ಬೆಳಕಿಗೆ ಹಿಡಿದ್ರು. ಬರೆದಿರೋದು ನೀಲಿ, ಗೀಟು ಕಪ್ಪು.

"ಇಲ್ಲಿ ತಿದ್ದಿದ್ದು ಯಾರು?" ಅಂತ ಕೇಳಿದ್ರು. ತಿದ್ದಿದವರೇ ಪಕ್ಕದಲ್ಲಿ ಸಹಿ ಹಾಕ್ಬೇಕಂತೆ.

ಮಗಳು ತಲೆ ಎತ್ತಿ ನನ್ನ ಬಾಯಿ ನೋಡಿದ್ಳು. ಹತ್ತು ವರ್ಷದಿಂದ ನಾನೇ ಕಲಿಸಿದ್ದು ಅದು, ಬಾಯಿ ನೋಡು, ಬಾಯಿ ನೋಡು ಅಂತ. ತುಟಿ ಅಲ್ಲಾಡಿಸದೆ ಉತ್ತರ ಕೊಡೋಕೆ ಆಗಿದ್ರೆ ಕೊಡ್ತಿದ್ದೆ.

"ನಾನೇ" ಅಂದೆ.

ಎರಡು ಗೀಟಿನ ಪಕ್ಕವೂ ನನ್ನ ಸಹಿ ಹಾಕಿದೆ. ಮೇಡಂ ಮೊಹರು ಒತ್ತಿದ್ರು. ಇನ್ನು ಮಾರ್ಚ್‌ನಲ್ಲಿ ಅವಳಿಗೆ ಒಂದೇ ಭಾಷೆ. ಪಾಸಾಗ್ತಾಳೆ. ಸೀಟು ಸಿಗತ್ತೆ. ನಾನು ಏನು ಬೇಡಿಕೊಂಡಿದ್ನೋ ಅಷ್ಟೂ ಆಯ್ತು.

ಬಾಗಿಲು ದಾಟಿ ನಾಲ್ಕು ಹೆಜ್ಜೆ ಹಾಕಿದ್ವಿ. ಅವಳು ನಿಂತ್ಳು. ಹದಿನೇಳು ದಿನದ ಮೇಲೆ ಬಾಯಿ ತೆರೆದ್ಳು.

"ತಿದ್ದಿದ್ದು ನಾನು" ಅಂದ್ಳು.

ವರಾಂಡದ ಆ ತುದಿಗೂ ಕೇಳೋಷ್ಟು ಗಟ್ಟಿಯಾಗಿ. 'ದ್ದಿ' 'ದ್ದು' ಎರಡೂ ಒಂದಿಷ್ಟು ತೊಡಕಿಲ್ಲದೆ ಬಂತು. ಹನ್ನೊಂದು ಪುಸ್ತಕದಲ್ಲಿ ಎಲ್ಲೂ ಇಲ್ಲ ಅಷ್ಟು ಸ್ಪಷ್ಟವಾದ ಮಾತು. ಕೇಳಿದ ತಕ್ಷಣ ನಾನು ಮಾಡಿದ್ದು ಏನು? ಮೇಡಂ ಕೋಣೆ ಬಾಗಿಲು ಮುಚ್ಚಿದೆಯಾ ಅಂತ ಹಿಂದೆ ತಿರುಗಿ ನೋಡಿದ್ದು.

ಮುಚ್ಚಿತ್ತು. ಮತ್ತೆ ಈ ಕಡೆ ತಿರುಗಿದಾಗ ಅವಳು ನನ್ನನ್ನೇ ನೋಡ್ತಿದ್ಳು.

ಬಸ್ಸಲ್ಲಿ ಅಕ್ಕಪಕ್ಕ ಸೀಟು ಸಿಕ್ಕಿತು. ಕೂತಿದ್ದೇ ಅವಳು ಕಣ್ಣು ಮುಚ್ಚಿಕೊಂಡ್ಳು. ನಿದ್ದೆ ಅಲ್ಲ, ರೆಪ್ಪೆ ಬಿಗಿದಿತ್ತು. ಹೆಗಲು ತಟ್ಟಿದೆ, ತೆರೀಲಿಲ್ಲ. ಅವಳ ಮಚ್ಚೆ ಮುಟ್ಟಿ ಕರೆದೆ, ಮುಖ ಕಿಟಕಿ ಕಡೆ ತಿರುಗಿಸಿದ್ಳು. ಕಣ್ಣು ಮುಚ್ಚಿದ ಮೇಲೆ ಅವಳಿಗೆ ಯಾರೂ ಏನೂ ಹೇಳೋಕಾಗಲ್ಲ, ಬಾಯಲ್ಲೂ ಇಲ್ಲ, ಕೈಯಲ್ಲೂ ಇಲ್ಲ. ಒಂದು ಸಲ ತೆರೆದ್ರೆ ಸಾಕು, ತಿದ್ದಿದ್ದು ನೀನೇ ಅಂತ ತಕ್ಷಣ ಹೇಳಿಬಿಡಬೇಕು ಅಂದ್ಕೊಂಡು ಎರಡೂ ಕೈ ಎದೆಮಟ್ಟಕ್ಕೆ ಎತ್ಕೊಂಡು ಕಾದೆ. ಕಂಡಕ್ಟರ್ ನನ್ನನ್ನ ಎರಡು ಸಲ ನೋಡಿದ. ನಮ್ಮ ಸ್ಟಾಪ್ ಬರೋವರೆಗೂ ಹಾಗೇ ಕೂತಿದ್ದೆ.